ದೇವರ ಗುಂಡು, ಅಪ್ಪನ ಗುರಿ

ನಮ್ಮಪ್ಪನ ಗುರಿ ಕೆಟ್ಟಿದೆ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ನಾನಿನ್ನೂ ಮದುವೆಯಾಗದ, ಬಾಯಿ ಜೋರಿನ ಹುಡುಗಿ. ಹಮ್ಮಿಗಿಯಲ್ಲಿ ಹೊಳೆದಂಡೆಯ ಪೊದೆಗಳಿಂದ ಕಾಡುಹಂದಿ ಬಂದು ಶೇಂಗಾದ ಹೊಲ ಅಗೆದು ಹಾಕುತ್ತಿದ್ದವು. ಅವನ್ನು ಹೊಡೆಯಲು ಬಂದೂಕಿನ ಲೈಸೆನ್ಸ್ ಇದ್ದದ್ದು ನಮ್ಮ ಓಣಿಯಲ್ಲಿ ಅಪ್ಪನೊಬ್ಬನಿಗೆ. ಅಜ್ಜನ ಕಾಲದ ರೈಫಲ್ಲು ಅದು. ನಳಿಗೆಯ ಬಾಯಿಂದ ಮದ್ದು ಸುರಿದು, ಅರಿವೆಯ ತುಂಡಿನಲ್ಲಿ ಸುತ್ತಿದ ಸೀಸದ ಗುಂಡನ್ನು ಕಬ್ಬಿಣದ ಸಲಾಕೆಯಿಂದ ಜಡಿಯಬೇಕು. ಗುಂಡುಗಳನ್ನು ನಾವು ಮನೆಯಲ್ಲೇ ಎರೆಯುತ್ತಿದ್ದೆವು.

ಆ ವರ್ಷ ಅಪ್ಪ ಹೊಡೆದದ್ದೆಲ್ಲ ಹುಸಿ. ಒಂದು ಗುಂಡಂತೂ ಹಂದಿಯನ್ನು ಬಿಟ್ಟು ಗೌಡರ ಪಂಪ್‌ಸೆಟ್ ಶೆಡ್ಡಿನ ತಗಡನ್ನು ತೂತು ಮಾಡಿತು. ಗೌಡರು ಮನೆಗೇ ಬಂದರು.

"ಯಾರಿಗರ ಬಡದಿದ್ರ ಏನ್ ಗತಿ? ನಿನ್ನ ಕಣ್ಣು ಮಂಜಾಗ್ಯಾವ. ಬಂದೂಕ ಠಾಣೆಕ ಕೊಟ್ಟು ಬಾ."

"ಕಣ್ಣು ಛಲೋ ಅದಾವ್ರಿ ಗೌಡ್ರ. ಗುಂಡು ಸರಿ ಬೀಳವಲ್ವು," ಎಂದ ಅಪ್ಪ.

"ಕುಣಿಯಾಕ ಬಾರದಾಕಿ ನೆಲ ಡೊಂಕ ಅಂದ್ಲಂತ," ಎಂದು ಗೌಡರು ನಕ್ಕರು.

ಆ ನಗುವನ್ನು ನನ್ನಿಂದ ಸಹಿಸಲಾಗಲಿಲ್ಲ. "ಗುಂಡಿಂದ ತಪ್ಪು ಅಂತ ತೋರಿಸಿದ್ರ ಏನಂತೀರಿ?" ಎಂದು ಕೇಳಿಯೇಬಿಟ್ಟೆ. ತೋರಿಸಿದರೆ ಬಂದೂಕಿನ ಮಾತೇ ಎತ್ತುವುದಿಲ್ಲ, ಇಲ್ಲದಿದ್ದರೆ ಅದು ಠಾಣೆಗೆ ಹೋಗಬೇಕು ಎಂದು ಹೇಳಿ ಗೌಡರು ಎದ್ದರು. ಬಂದೂಕು ಹೋದರೆ ಅಪ್ಪ ಮೂಲೆ ಹಿಡಿಯುತ್ತಾನೆಂಬುದು ನನಗೆ ಗೊತ್ತಿತ್ತು. ನನ್ನದು ಉಡದ ಪಟ್ಟು.

ಗದಗಿನ ಗುಜರಿ ಅಂಗಡಿಯಿಂದ ತಂದ ಸೀಸ ಮನೆಯಲ್ಲಿತ್ತು. ಹಿತ್ತಲಲ್ಲಿ ಒಲೆ ಹೂಡಿ ಕರಗಿಸಿದೆ, ಸೌಟಿನಿಂದ ಇಕ್ಕಳದಂಥ ಅಚ್ಚಿಗೆ ಎರೆದೆ. ನಮ್ಮ ಮನೆಯಲ್ಲಿ ಒಂದು ಪದ್ಧತಿ. ಎರಕದಲ್ಲಿ ಮೊದಲು ಬಿದ್ದ ಗುಂಡುಗಳು ದೇವರವು. ಅವಕ್ಕೆ ಭಂಡಾರದ ಅರಿಸಿನ ಹಚ್ಚಿ ದೇವರ ಜಗುಲಿಯ ಮೇಲಿಟ್ಟು, ಹಂದಿ ಬಂತೆಂದರೆ ಅವನ್ನೇ ಮೊದಲು ಬಂದೂಕಿಗೆ ತುಂಬುತ್ತಿದ್ದೆವು. ಈ ಸಲ ಎಲ್ಲವನ್ನೂ ಸಾಲಾಗಿ ಬಿಸಿಲಿಗಿಟ್ಟು ನೋಡಿದಾಗ ದೇವರ ಗುಂಡುಗಳೇ ಸುಕ್ಕುಸುಕ್ಕಾಗಿ ಕಂಡವು. ಒಂದನ್ನು ಉಳಿ ಇಟ್ಟು ಸೀಳಿದೆ. ಒಳಗೆ ಪೊಳ್ಳು. ಅಚ್ಚು ಕಾಯುವ ಮೊದಲೇ ಎರೆದ ಸೀಸ ಒಳಗೆ ಸರಿಯಾಗಿ ಕೂಡಿರಲಿಲ್ಲ. ಅಚ್ಚು ಕಾದ ಮೇಲೆ ಬಿದ್ದವು ಗೋಲಿಯಷ್ಟು ನುಣುಪಾಗಿದ್ದವು.

ದೇವರ ಗುಂಡನ್ನು ಸೀಳಿದ್ದು ಕಂಡು ಅವ್ವ ಕೆಂಡವಾದಳು. "ನಿನ್ನ ಕೈಗೆ ಹುಳಾ ಬೀಳ್ಲಿ, ದೇವರ ಮುಂದಿಂದು ಒಡೀತಾರೇನ?"

"ದೇವರಿಗೆ ಪೊಳ್ಳು ಕೊಟ್ಟು ಛಲೋವು ಡಬ್ಬಿಯಾಗ ಇಟ್ಕೊಂಡೇವಿ ನೋಡಬೇ. ನಾಳೆ ಛಲೋದ ಇಡು," ಎಂದೆ.

ಅವ್ವ ಗೊಣಗುತ್ತಲೇ ಒಳಗೆ ಹೋದಳು. ಮರುದಿನ ಜಗುಲಿಯ ಮೇಲೆ ನುಣುಪು ಗುಂಡು ಕೂತಿತ್ತು.

ಹೊಳೆಯ ಮರಳುದಿಬ್ಬಕ್ಕೆ ಬೇವಿನ ಹಲಗೆ ಒರಗಿಸಿ, ನಡುವೆ ಸುಣ್ಣದ ಬೊಟ್ಟಿಟ್ಟೆ. ಗಂಡುಮಕ್ಕಳಿಲ್ಲದ ಮನೆ, ಗುರಿ ಹಿಡಿಯುವುದನ್ನು ಅಪ್ಪ ನನಗೆ ಕಲಿಸಿದ್ದ. ಕೈ ಅಲುಗಿತೆಂಬ ಮಾತೇ ಬರಬಾರದೆಂದು ಮರಳಿನ ಚೀಲದ ಮೇಲೆ ನಳಿಗೆ ಊರಿ, ಅಪ್ಪ ಪಕ್ಕದಲ್ಲಿ ಕೂತಿರುವಾಗ ಹೊಡೆದೆ. ಸುಕ್ಕಿನವುಗಳಲ್ಲಿ ಒಂದು ಹಲಗೆಯ ತುದಿಗೆ, ಇನ್ನೊಂದು ಮರಳಿಗೆ. ನುಣುಪಿನವು ಬೊಟ್ಟಿನ ಸುತ್ತ, ಅಂಗೈಯಿಂದ ಮುಚ್ಚುವಷ್ಟು ಹತ್ತಿರ. ಸಾಲಲಿಲ್ಲ ನನಗೆ. ಮರಳು ಬಗೆದು ಸೀಸ ಹೆಕ್ಕಿ, ಮತ್ತೆ ಕರಗಿಸಿ, ಮತ್ತೆ ಎರೆದು ಹೊಡೆದೆ. ಹಿಂಬಡಿತಕ್ಕೆ ಭುಜ ನೀಲಿಗಟ್ಟಿತು. ಪ್ರತಿ ಸಲವೂ ಅದೇ ಲೆಕ್ಕ. ನಾನು ಗೆದ್ದೆನೆಂದು ಕುಣಿದಾಡುವಷ್ಟು ಖುಷಿಯಾಯಿತು.

"ಹೋಗಿ ಗೌಡ್ರನ್ನ ಕರ್ಕೊಂಡು ಬರ್ತೀನಿ," ಎಂದಾಗ ಅಪ್ಪ, "ಇಷ್ಟಕ್ಕ ಬಿಡು ಮಗಳ," ಎಂದ. ನಾನು ಕೇಳಲಿಲ್ಲ.

ಗೌಡರು ಬಂದು ನನ್ನ ತೂತುಗಳನ್ನು ಬೆರಳಿಟ್ಟು ನೋಡಿದರು. ಸೀಳಿದ ಗುಂಡನ್ನೂ ನೋಡಿದರು. "ಖರೆ ಐತಿ ನಿನ್ನ ಮಾತು," ಎಂದು ಒಪ್ಪಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಇದ ಗುಂಡಿನಾಗ ನೀ ಹೊಡಿ," ಎಂದರು.

ನಾನು ಹೊಸ ಹಲಗೆ ಇಟ್ಟು ದೊಡ್ಡದಾಗಿ ಸುಣ್ಣದ ಬೊಟ್ಟು ಬರೆದೆ. ಅಪ್ಪ ಅದೇ ಚೀಲದ ಮೇಲೆ ನಳಿಗೆ ಊರಿದ. ನಾನೇ ಆರಿಸಿದ ನುಣುಪು ಗುಂಡುಗಳನ್ನು ಒಂದಾದ ಮೇಲೊಂದು ಹೊಡೆದ. ನಾನು ಓಡಿಹೋಗಿ ನೋಡಿದೆ. ಬೊಟ್ಟು ಹಾಗೇ ಬೆಳ್ಳಗಿತ್ತು. ಹಲಗೆಯ ಅಂಚಿನಲ್ಲಿ ಒಂದೇ ತೂತು. ಉಳಿದವೆಲ್ಲ ಮರಳಿಗೆ ಹೋಗಿದ್ದವು. ತಿರುಗಿ ಬಂದು, "ಅಂಚಿಗೆ ಒಂದ ತೂತು," ಎಂದೆ.

"ಗುಂಡು ಛಲೋ ಇದ್ವಲ್ಲ?" ಎಂದು ಅಪ್ಪ ಕೇಳಿದ.

"ಇದ್ವು ಅಪ್ಪಾ."

"ಹಂಗಾದ್ರ ಕಣ್ಣ." ಅವನು ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. "ಬೊಟ್ಟು ಕಾಣ್ಸಲಿಲ್ರಿ ಗೌಡ್ರ. ಹಲಗಿ ಇದ್ದಂಗ ಕಂಡ ಕಡೆ ಹೊಡದೆ. ನಾಳೆ ಠಾಣೆಕ ಕೊಟ್ಟು ಬರ್ತೀನಿ."

ಗೌಡರು ಚಪ್ಪಲಿ ಮೆಟ್ಟಿಕೊಂಡರು. ನನಗೆ ದುಃಖ ಒತ್ತರಿಸಿ ಬಂದು ಅವರೆದುರಿಗೇ ಅತ್ತೆ.

"ಯಾಕ ಅಳ್ತಿ?" ಎಂದ ಅಪ್ಪ. "ಖರೇದು ತೋರಸ್ತೀನಿ ಅಂತ ಹಟ ಹಿಡದಾಕಿ ನೀನ. ತೋರ್ಸಿದಿ. ನಡಿ ಇನ್ನ."

ಒಂದು ಹೆಗಲಿಗೆ ಬಂದೂಕು ಹಾಕಿಕೊಂಡು, ಇನ್ನೊಂದು ಕೈಯಿಂದ ಅವನ ಕೈ ಹಿಡಿದು ದಂಡೆ ಹತ್ತಿದೆ. ಊರಿನ ಓಣಿ ಬಂದ ಮೇಲೂ ಅಪ್ಪ ಕೈ ಬಿಡಿಸಿಕೊಳ್ಳಲಿಲ್ಲ.