ಮಂಜಿ ನಂಬದ ಗಡಿಯಾರ

ಭಾವಿಕೇರಿಯಲ್ಲಿ ಉಪ್ಪುನೀರಿನ ಹೊಳೆಯಂಚಿನ ಗಜನಿ ಗದ್ದೆಗಳ ಮೇಲೆ ಇನ್ನೂ ಮಬ್ಬುಗತ್ತಲು. ಮೊಣಕಾಲುದ್ದ ನೀರಿನಲ್ಲಿ ನಿಂತ ಮಂಜಿ ಗೌಡ ಬೊಗಸೆಯಲ್ಲಿ ಹೊಳೆನೀರೆತ್ತಿ ಉಪ್ಪು ಎಷ್ಟೆಂದು ನಾಲಿಗೆಗೆ ತಾಗಿಸಿ ಥೂ ಎಂದು ಉಗುಳುತ್ತಾರೆ. ಐದು ನಿಮಿಷ ಬಿಟ್ಟು ಮತ್ತೆ ರುಚಿ ನೋಡುತ್ತಾರೆ. ಮೊದಲ ಸಲದ ರುಚಿಯ ಮೇಲೆ ಅವರಿಗೆ ಭರವಸೆಯಿಲ್ಲ.

ಐವತ್ತೆಂಟರ ಮಂಜಿ, ಗದ್ದೆಗೂ ಹೊಳೆಗೂ ನಡುವಿನ ಕಟ್ಟೆಯ ಮರದ ಬಾಗಿಲನ್ನು ಇಪ್ಪತ್ತೆರಡು ವರ್ಷಗಳಿಂದ ಕಾಯುತ್ತಿದ್ದಾರೆ. ಇಳಿತದಲ್ಲಿ ಹಲಗೆ ಎತ್ತಿ ಮಳೆನೀರನ್ನು ಹೊರಗೆ ಬಿಡಬೇಕು. ಸಮುದ್ರದ ನೀರು ತಿರುಗಿ ಬರುವ ಗಳಿಗೆಗೆ ಸರಿಯಾಗಿ ಇಳಿಸಬೇಕು. ಆರು ಹಲಗೆ, ದಿನಕ್ಕೆರಡು ಸಲ. ಆ ಗಳಿಗೆ ದಿನವೂ ಮುಕ್ಕಾಲು ಗಂಟೆ ಮುಂದಕ್ಕೆ ಜಾರುತ್ತದೆ. ಪಡುಗಾಳಿ ಬೀಸಿದರೆ ಹೇಳದೆ ಕೇಳದೆ ಬೇಗ ಬಂದುಬಿಡುತ್ತದೆ. ಮಂಜಿಯ ಊಟ, ನಿದ್ದೆ ಎಲ್ಲವೂ ಅದರ ಹಿಂದೆಯೇ ಅಲೆಯುತ್ತವೆ.

ಇದು 2007ರ ಸೆಪ್ಟೆಂಬರಿನ ಅಮಾವಾಸ್ಯೆ. ನಲವತ್ತು ಎಕರೆ ಕಗ್ಗ ಭತ್ತ ಹೂ ಬಿಟ್ಟು ನಿಂತಿದೆ. ಉಪ್ಪು ತಾಳುವ ತಳಿಯೇ ಹೌದು, ಆದರೆ ಹೂವಿನ ಹೊತ್ತಿನಲ್ಲಿ ದೊಡ್ಡ ಭರತ, ಅಂದರೆ ಸಮುದ್ರದ ಉಬ್ಬರ, ನುಗ್ಗಿದರೆ ಮನೆಗೆ ಬರುವುದು ಬರೀ ಜೊಳ್ಳು.

ಕಟ್ಟೆಯ ಗುಡಿಸಲಿನಲ್ಲಿ ರೈತ ಸಮಿತಿಯ ಅಧ್ಯಕ್ಷ ದೇವಿದಾಸ ನಾಯಕರು ತೂಗುಹಾಕಿದ ಗಡಿಯಾರವಿದೆ, ಪಕ್ಕದಲ್ಲಿ ಭರತ-ಇಳಿತದ ಅಚ್ಚಾದ ಪಟ್ಟಿ. ಮಂಜಿ ಎರಡನ್ನೂ ಕಳ್ಳರನ್ನು ನೋಡುವಂತೆ ನೋಡುತ್ತಾರೆ. ಮೂರು ವರ್ಷದ ಹಿಂದೆ ಪಟ್ಟಿ ನಂಬಿ ಕಾಲು ಗಂಟೆ ಕಣ್ಣು ಮುಚ್ಚಿದ್ದರು. ಉಪ್ಪುನೀರು ನುಗ್ಗಿ ಹನ್ನೆರಡು ಎಕರೆ ಪೈರು ಸುಟ್ಟುಹೋಯಿತು. ಆ ಸಂಕಟ ಇನ್ನೂ ಆರಿಲ್ಲ.

"ಪಟ್ಟಿ ಬರ್ದವ್ರು ಹೋದ್ ವರ್ಷವೇ ಬರ್ದಿಟ್ಟಾರೆ. ಇವತ್ತಿನ ಗಾಳಿ ಅವ್ರಿಗೆ ಹೆಂಗ್ ಗೊತ್ತು? ನಿನ್ನೆ ನೀರನ್ನೂ ನಾ ನಂಬೂದಿಲ್ಲ. ಈಗ ನಾಲ್ಗಿಗೆ ಸಿಕ್ಕಿದ್ದಷ್ಟೇ ಖರೆ," ಎನ್ನುತ್ತಾರೆ.

ಪಟ್ಟಿಯ ಪ್ರಕಾರ ನೀರು ತಿರುಗುವುದು ಆರು ಇಪ್ಪತ್ತಕ್ಕೆ. ಆರಕ್ಕೇ ಮಂಜಿ ಇನ್ನೊಮ್ಮೆ ರುಚಿ ನೋಡಿ ಹಲಗೆ ಇಳಿಸತೊಡಗುತ್ತಾರೆ. ಅಷ್ಟರಲ್ಲಿ ಬೈಕು ನಿಲ್ಲಿಸಿ ದೇವಿದಾಸ ಓಡಿಬರುತ್ತಾರೆ.

"ಮಂಜೀ, ಇನ್ನೂ ಇಪ್ಪತ್ ಮಿನಿಟ್ ಅದೆಯಲ್ಲೇ! ಒಳಗಿನ ನೀರು ಹೋಗೂಕೆ ಬಿಡು!"

"ಹಲ್ಗೆ ಮುಟ್ಬೇಡಿ, ಒಡ್ಯಾ. ಇದ್ನ ನೆಕ್ಕಿ ನೋಡಿ," ಎಂದು ಮಂಜಿ ಬೊಗಸೆ ಚಾಚುತ್ತಾರೆ.

ಬೆರಳದ್ದಿ ನೆಕ್ಕಿದ ದೇವಿದಾಸರ ಮುಖ ಉಪ್ಪಿಗೆ ಕಿವುಚಿಕೊಳ್ಳುತ್ತದೆ. ಪಟ್ಟಿ ಹೇಳಿದ ಹೊತ್ತು ಬರುವಷ್ಟರಲ್ಲಿ ಹೊಳೆಯ ನೀರು ಹೊರಗಿನಿಂದ ಮೂರನೇ ಹಲಗೆ ಮುಟ್ಟಿದೆ. ಒಳಗೆ ಕಗ್ಗ ತನ್ನ ಪಾಡಿಗೆ ತೂಗುತ್ತಿದೆ.

ನಿನಗೇನು ಬೇಕು ಎಂದು ದೇವಿದಾಸ ಕೇಳಿದರೆ ಮಂಜಿ ಗುಡಿಸಲಿನ ಒಲೆಯತ್ತ ನೋಡುತ್ತಾರೆ. "ಎಂತಾ ಬೇಕು? ಒಂದ್ ದಿನ ಗಂಜಿ ಬಿಸಿ ಇದ್ದಾಗ್ಲೇ ಉಣ್ಬೇಕು."

"ಈಗ್ಲೇ ಹೋಗಿ ಉಂಡ್ಕಂಡ್ ಬಾ. ನಾ ಕಾಯ್ತೆ," ಎನ್ನುತ್ತಾರೆ ದೇವಿದಾಸ.

ಮಂಜಿ ಎರಡು ಹೆಜ್ಜೆ ಇಟ್ಟು ನಿಲ್ಲುತ್ತಾರೆ. ತಿರುಗಿ ದೇವಿದಾಸರ ಕೈಗಡಿಯಾರವನ್ನೇ ದಿಟ್ಟಿಸುತ್ತಾರೆ.

"ಅದ್ನ ಬಿಚ್ಚಿ ಕಿಸೆಗೆ ಹಾಕಿ. ಆಮೇಲ್ ಹೋಗ್ತೆ."