ಗಟ್ಟಿಮೇಳದ ಹೊತ್ತಿಗೆ ಲವಂಗದ ಎಣ್ಣೆ

ಬನ್ನಿಮಂಟಪದ ಛತ್ರವೊಂದರಲ್ಲಿ ನಾದಸ್ವರ ಹಿಡಿದು ಕೂತಿದ್ದೆ. ಮುಹೂರ್ತಕ್ಕೆ ಮೊದಲೇ ಮುಂದಿನ ಹಲ್ಲು ನೋಯತೊಡಗಿತು. ಮದುಮಗಳ ಅಜ್ಜಿ ನೋಡಿ, ಹತ್ತಿಗೆ ಲವಂಗದ ಎಣ್ಣೆ ಹಾಕಿ ತಂದರು.

“ಕಚ್ಚಿಕೊಳ್ಳಿ ಕಣ್ರೀ. ಇದಿದ್ರೆ ಡಾಕ್ಟ್ರೇ ಬೇಡ.”

ನೋವು ಹೋಯಿತು. ಜೊತೆಗೆ ತುಟಿಯೂ ಜೋಮು ಹಿಡಿಯಿತು. ಪುರೋಹಿತರು “ಗಟ್ಟಿಮೇಳ!” ಎಂದು ಕೂಗಿದಾಗ ಊದಿದೆ, ಬರೀ ಗಾಳಿ ಬಂತು. ತಾಳಿ ಕಟ್ಟುವಾಗ ಡೋಲೊಂದೇ ಮೊಳಗಿತು.

ವಿಷಯ ತಿಳಿದು ಮದುಮಗಳ ತಂದೆ ಎಲ್ಲರೆದುರು ಸಿಡುಕಿದರು. “ನಿಂಗ್ಯಾಕಮ್ಮ ಬೇಕಿತ್ತು ಈ ಮನೆಮದ್ದು?”

“ಮೊಮ್ಮಗಳ ಮದುವೇಲಿ ಅಪಶಕುನ ಮಾಡ್ಬುಟ್ನಲ್ಲಪ್ಪಾ” ಎಂದು ಅಜ್ಜಿ ಅತ್ತರು.

ನಿಮ್ಮ ತಪ್ಪೇನೂ ಇಲ್ಲ ಎನ್ನಹೋದೆ. ಮಾತು ತೊದಲಿತು, ಯಾರಿಗೂ ಅರ್ಥವಾಗಲಿಲ್ಲ. ವಿಡಿಯೋದವನು ನಕ್ಕ.

ತುಟಿ ಸರಿಹೋಗುವಷ್ಟರಲ್ಲಿ ಅಜ್ಜಿಯನ್ನು ಆಟೋ ಹತ್ತಿಸಿ ಕೆಸರೆಯ ಮನೆಗೆ ಕಳಿಸಿದ್ದರು. ಅವರು ಊಟ ಮಾಡಿರಲಿಲ್ಲ.