ಮೂರನೆಯ ಬಕೆಟ್ಟು

ನಮ್ಮ ಮನೆಯಿಂದ ಕಸ ಹೊರಗೆ ಹೋಗುವುದಿಲ್ಲ ಎಂದು ನಾನು ಹಲವರ ಮುಂದೆ ಹೇಳಿಕೊಂಡಿದ್ದೇನೆ. ಭದ್ರಾವತಿಯಲ್ಲಿ ನಾನು ಪಾಠ ಮಾಡುತ್ತಿದ್ದ ಶಾಲೆಯ ಮಕ್ಕಳಿಗೆ ಹೇಳಿದ್ದೇನೆ, ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ, ಒಮ್ಮೆ ಶಿಕ್ಷಕರ ತರಬೇತಿಯಲ್ಲಿ ಮೈಕ್ ಹಿಡಿದೂ ಹೇಳಿದ್ದೇನೆ. ಅದು ಸುಳ್ಳಾಗಿರಲಿಲ್ಲ. ಆದ್ದರಿಂದಲೇ ನಡೆದದ್ದನ್ನು ಅಳತೆ ತಪ್ಪದೆ ಬರೆಯಬೇಕು ಅನ್ನಿಸುತ್ತದೆ.

ನನ್ನ ಗಂಡ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಬಹಳ ವರ್ಷ ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದು, ತೊಂಬತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗದ ನವುಲೆಯಿಂದಾಚೆ, ಗದ್ದೆ ಒಡೆದು ಮಾಡಿದ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿದೆವು. ಇಬ್ಬರೂ ಬೆಳಿಗ್ಗೆ ಬಸ್ಸು ಹಿಡಿದು ಭದ್ರಾವತಿಗೆ ಹೋಗಿ ಸಂಜೆ ಬರುತ್ತಿದ್ದೆವು. ಹಗಲು ಮನೆಯಲ್ಲಿ ಅತ್ತೆಯೊಬ್ಬರೇ.

ಪರಿಸರ ಎಂಬ ಮಾತನ್ನು ನಾನು ಪುಸ್ತಕದಿಂದ ಕಲಿತೆ. ಅತ್ತೆಗೆ ಆ ಮಾತು ಬೇಕಿರಲಿಲ್ಲ. ತೆಂಗಿನ ಚಿಪ್ಪು, ಗರಿ ಹಂಡೆ ಒಲೆಗೆ; ಆ ಬೂದಿ ಪಾತ್ರೆ ತಿಕ್ಕಲು; ಪಾತ್ರೆ ತೊಳೆದ ನೀರು ಬಾಳೆಗಿಡದ ಬುಡಕ್ಕೆ. ಹಳೆಯ ಸೀರೆ ಕೈಚೀಲವಾಗುತ್ತಿತ್ತು, ಕೈಚೀಲ ಹರಿದರೆ ಒರೆಸುವ ಬಟ್ಟೆ. ನಾನು ಸೇರಿಸಿದ್ದು ಎರಡೇ. ತರಗೆಲೆ ಗೊಬ್ಬರವಾಗಲೆಂದು ಹಿತ್ತಲಲ್ಲಿ ಒಂದು ಗುಂಡಿ ತೆಗೆಸಿದೆ. ಸಿಂಕಿಗೆ, ಬಚ್ಚಲಿಗೆ ಆಸಿಡ್ ಹಾಕುವುದನ್ನು ಬಿಟ್ಟು ಅಡುಗೆ ಸೋಡಾ ಉಪಯೋಗಿಸತೊಡಗಿದೆ. ಅದಕ್ಕೆಂದೇ ದೊಡ್ಡ ಡಬ್ಬಿಯಲ್ಲಿ ಸೋಡಾ ತುಂಬಿಟ್ಟಿರುತ್ತಿದ್ದೆ. ಈ ಡಬ್ಬಿಯ ಮಾತು ಮುಂದೆ ಬರುತ್ತದೆ.

ಉಳಿದದ್ದು ಕಲಗಚ್ಚು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಮಿಕ್ಕ ಒಂದೆರಡು ತುತ್ತು, ಎಲ್ಲವೂ ಒಂದು ತಗಡಿನ ಬಕೆಟ್ಟಿಗೆ. ಕ್ವಾರ್ಟರ್ಸಿನಲ್ಲಿ ನೀರು ಹಿಡಿದಿಡಲು ತೆಗೆದುಕೊಂಡಿದ್ದ ಮೂರು ಬಕೆಟ್ಟುಗಳು ನಮ್ಮಲ್ಲಿದ್ದವು. ಅವುಗಳಲ್ಲಿ ಒಂದನ್ನು ದಿನಾ ಬೆಳಿಗ್ಗೆ ಗೇಟಿನ ಒಳಗಿಡುತ್ತಿದ್ದೆವು. ಹಾಲಿನಾಕೆ ಬಂದು ನಮ್ಮ ಪಾತ್ರೆಗೆ ಹಾಲು ಅಳೆದು, ಕಲಗಚ್ಚನ್ನು ತನ್ನ ಕೊಡಕ್ಕೆ ಸುರಿದುಕೊಂಡು ಹೋಗುತ್ತಿದ್ದಳು. ಬಡಾವಣೆಯ ಅಂಚಿನಲ್ಲಿ ಆಕೆಯದು ಹಂಚಿನ ಮನೆ. ನಮ್ಮ ಮನೆಗಳೆಲ್ಲ ಎದ್ದ ಗದ್ದೆಯಲ್ಲಿ ಹಿಂದೆ ಆಕೆಯೂ ಗಂಡನೂ ಕೂಲಿ ಮಾಡಿದವರು. ಈಗ ಗಂಡ ಇರಲಿಲ್ಲ, ಗದ್ದೆಯೂ ಇರಲಿಲ್ಲ. ಇದ್ದದ್ದು ಒಂದು ಜರ್ಸಿ ಹಸು, ಅದರ ಹೆಣ್ಣುಗರು. ಎಲ್ಲಿಯಾದರೂ ಕಳೆ ಕೀಳುವ ಕೆಲಸ ಸಿಕ್ಕರೆ ಹೋಗುವಳು. ಉಳಿದಂತೆ ಆ ಹಸುವೇ ಆಕೆಯ ಮನೆ ನಡೆಸುತ್ತಿತ್ತು.

“ಟೀಚರಮ್ಮ, ಇವತ್ತು ಬರೀ ಹೀರೇಕಾಯಿ ಸಿಪ್ಪೇನಾ? ನಮ್ಮ ಪುಟ್ಟಿ ಮುಖ ತಿರುಗಿಸ್ತಾಳೆ,” ಅನ್ನುವಳು. ಪುಟ್ಟಿ ಎಂದರೆ ಹಸು.

ಅತ್ತೆ ಒಳಗಿಂದಲೇ, “ನಿನ್ನ ಪುಟ್ಟಿಗೆ ಹೋಳಿಗೆ ಬೇಕೇನೇ ಮಾರಾಯ್ತಿ? ಮೊದಲು ಹಾಲಿಗೆ ನೀರು ಹಾಕೋದು ಬಿಡು,” ಅನ್ನುವರು.

“ನೀರು ನೀವೇ ಕಲಗಚ್ಚಲ್ಲಿ ಕೊಡ್ತೀರಲ್ಲ ಅಜ್ಜಿ. ಅದೇ ಹಾಲಲ್ಲಿ ವಾಪಸ್ ಬರುತ್ತೆ.”

ನಮ್ಮ ಸಿಪ್ಪೆ ಆಕೆಯ ಹಸುವಿಗೆ, ಹಸುವಿನ ಹಾಲು ನಮಗೆ, ಸಗಣಿ ನಮ್ಮ ಗೊಬ್ಬರದ ಗುಂಡಿಗೆ. ನಾನು ಶಾಲೆಯ ಕರಿಹಲಗೆಯ ಮೇಲೆ ಇದನ್ನೇ ಬಾಣದ ಗುರುತು ಹಾಕಿ ಚಕ್ರದ ಹಾಗೆ ಬರೆದು ತೋರಿಸುತ್ತಿದ್ದೆ.

ನನ್ನ ಗಂಡ ನಿವೃತ್ತರಾದ ವಾರದ ಭಾನುವಾರ ಮನೆಯಲ್ಲಿ ಊಟ ಇಟ್ಟುಕೊಂಡೆವು. ಅವರ ಜೊತೆ ಕೆಲಸ ಮಾಡಿದವರು ಸಂಸಾರ ಸಮೇತ ಭದ್ರಾವತಿಯಿಂದ ಬರುವವರಿದ್ದರು, ನೂರು ಜನಕ್ಕೆ ಕಡಿಮೆ ಇಲ್ಲ. ಪ್ಲಾಸ್ಟಿಕ್ ಲೋಟ ಬೇಡ, ಬಾಳೆ ಎಲೆ, ಸ್ಟೀಲ್ ಲೋಟವೇ ಆಗಬೇಕು ಎಂದು ನಾನು ಹಟ ಮಾಡಿದ್ದೆ. ಅಡುಗೆಯವರು ಬೆಳಗಿನ ಜಾವವೇ ಬಂದು ಒಲೆ ಹೂಡಿದ್ದರು. ಹತ್ತು ಗಂಟೆಯ ಹೊತ್ತಿಗೆ ಸುದ್ದಿ ಬಂತು: ಖಾಸಗಿ ಬಸ್ಸಿನವರು ಏನೋ ಜಗಳವಾಗಿ ಓಡಾಟ ನಿಲ್ಲಿಸಿದ್ದಾರೆ. ಅಷ್ಟರಲ್ಲಿ ಅಕ್ಕಿ ಬೆಂದಾಗಿತ್ತು.

ಸ್ಕೂಟರು ಇದ್ದವರು ಬಂದರು, ಅಕ್ಕಪಕ್ಕದವರು ಬಂದರು. ಮೂವತ್ತು ಎಲೆ ಹಾಕಿರಬಹುದು. “ನನ್ನ ಜೊತೆ ಬಸ್ಸೂ ರಿಟೈರ್ ಆಯ್ತು ನೋಡು,” ಎಂದು ಗಂಡ ನಕ್ಕರು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಊಟವಾದ ಮೇಲೆ ನಾನು ಹತ್ತಿರದ ಹಾಸ್ಟೆಲೊಂದಕ್ಕೆ ಫೋನು ಮಾಡಿದೆ. ಮಕ್ಕಳ ಊಟ ಆಗಿದೆ, ರಾತ್ರಿಯದಕ್ಕೂ ತಯಾರಿ ಆಗಿದೆ ಎಂದರು. ಸಾರು, ಪಲ್ಯ, ಹೋಳಿಗೆಯನ್ನು ಮನೆಮನೆಗೆ ಹಂಚಿದೆವು. ಕೊಳಗದಲ್ಲಿ ಅನ್ನ ಉಳಿಯಿತು, ಜೊತೆಗೆ ಒಂದಿಷ್ಟು ಬೆಲ್ಲದ ಪಾಯಸ.

ಅಡುಗೆಯವನು ಹೇಳಿದ: “ಅಮ್ಮ, ಇದು ನಾಳೆಗೆ ನಿಲ್ಲಲ್ಲ. ಹಿತ್ತಲಲ್ಲಿ ನಿಮ್ಮ ಗುಂಡಿ ಇದೆಯಲ್ಲ, ಅದಕ್ಕೆ ಹಾಕಿ ಮೇಲೆ ಮಣ್ಣು ಎಳೆದುಬಿಡಿ.”

“ಅನ್ನಾನ ಮಣ್ಣಿಗೆ ಹಾಕ್ತಾರೇನೋ ಮಾರಾಯ? ನೀನೇ ಬೇಯಿಸಿದ್ದಲ್ವಾ?” ಎಂದರು ಅತ್ತೆ.

“ಬೇಯಿಸಿದ್ದಕ್ಕೇ ಹೇಳ್ತಿರೋದು ಅಜ್ಜಿ. ಅಕ್ಕಿಯಾಗೇ ಇದ್ದಿದ್ರೆ ಅಂಗಡಿಗೆ ವಾಪಸ್ ಕೊಡ್ತಿದ್ದೆ.”

ಅವನ ಮಾತು ಕೇಳಬಹುದಿತ್ತು. ಹಸುವಿನ ನೆನಪಾದದ್ದು ನನಗೆ.

ನಾಲ್ಕು ಗಂಟೆ ಆಗಿತ್ತು. ಹಾಲಿನಾಕೆ ಕಳೆ ಕೀಳಲು ಹೋದವಳು ಇನ್ನೂ ಬಂದಿರಲಿಲ್ಲ. ಹಸುವನ್ನು ತನ್ನ ಕೊಟ್ಟಿಗೆಯ ಮುಂದೆ ಕಟ್ಟಿ ಹೋಗಿದ್ದಳು. ಒಂದು ಬಕೆಟ್ಟು ಅನ್ನ ತಂದು ಅದರ ಮುಂದಿದ್ದ ಬಾನಿಗೆ ಸುರಿದು ಪಾಯಸ ಬೆರೆಸಿದೆ. ಅದು ಮೂಗು ಮುಳುಗಿಸಿ ತಿಂದಿತು. ಎರಡನೆಯದನ್ನು ತಂದೆ, ಅದನ್ನೂ ಮುಗಿಸಿತು. ಆಗ ಹಸು ತಲೆ ಎತ್ತಿ ನನ್ನ ಕಡೆ ನೋಡಿತು. ಇನ್ನೂ ಬೇಕು ಎನ್ನುತ್ತಿದೆ ಎಂದುಕೊಂಡೆ. ಮೂರನೆಯ ಬಕೆಟ್ಟು ತರಲು ನಾನು ಎರಡು ರಸ್ತೆ ನಡೆದು ಮನೆಗೆ ಹೋಗಿ ಮತ್ತೆ ಬಂದೆ. ಅಷ್ಟು ದೂರದಲ್ಲಿ ಎಲ್ಲಿಯೂ ನನಗೆ ಸಾಕು ಎನ್ನಿಸಲಿಲ್ಲ. ಮೂರನೆಯದರಲ್ಲಿ ಮುಕ್ಕಾಲು ಪಾಲು ತಿಂದಿತು. ಉಳಿದದ್ದು ಬಕೆಟ್ಟಿನಲ್ಲೇ ಇರಲಿ, ಆಮೇಲೆ ಆಕೆ ಹಾಕಿಕೊಳ್ಳುತ್ತಾಳೆ ಎಂದು ಬಕೆಟ್ಟನ್ನು ಅಲ್ಲಿಯೇ ಬಿಟ್ಟು ಬಂದೆ. ಒಂದು ಅಗುಳೂ ಹಾಳಾಗಲಿಲ್ಲ ಎಂದು ಅತ್ತೆಗೆ ಹೇಳಿದೆ.

ಸೋಮವಾರ ಬಸ್ಸುಗಳು ಓಡತೊಡಗಿದ್ದವು. ಬೆಳಿಗ್ಗೆ ಹಾಲು ಬರಲಿಲ್ಲ. ನಾನು ಬಸ್‌ಸ್ಟಾಪಿಗೆ ಹೋಗುವಾಗ ಹಾಲಿನಾಕೆ ತನ್ನ ಮನೆಯ ಮುಂದೆ ನಿಂತಿದ್ದಳು.

“ಪುಟ್ಟಿ ಮೆಲುಕು ಹಾಕ್ತಿಲ್ಲ ಟೀಚರಮ್ಮ. ಹಲ್ಲು ಕಡೀತಾಳೆ. ನೀರೂ ಮುಟ್ಟಲಿಲ್ಲ. ನಿನ್ನೆ ಏನಾದ್ರೂ ಹಾಕಿದ್ರಾ? ಬಕೀಟು ಇತ್ತು.”

“ಸ್ವಲ್ಪ ಅನ್ನ ಹಾಕಿದ್ದೆ,” ಎಂದೆ.

ಈ ‘ಸ್ವಲ್ಪ’ದ ಬಗ್ಗೆ ಬಹಳ ಯೋಚಿಸಿದ್ದೇನೆ. ನಾನು ಮುಚ್ಚಿಡಬೇಕೆಂದು ಹೇಳಿದ್ದಲ್ಲ. ನಮ್ಮಲ್ಲಿ ಕೊಟ್ಟದ್ದನ್ನು ದೊಡ್ಡದು ಮಾಡಿ ಹೇಳುವುದಿಲ್ಲ. ಬುಟ್ಟಿ ತುಂಬ ಹಣ್ಣು ಕೊಟ್ಟರೂ ‘ಸ್ವಲ್ಪ ತಂದೆ’ ಎನ್ನುತ್ತೇವೆ. ನಾಲಿಗೆಗೆ ಅದೇ ರೂಢಿ. ಆದರೆ ಆಕೆ ಆ ಮಾತನ್ನು ಅಳತೆಯಾಗಿ ತೆಗೆದುಕೊಂಡಳು. ಬಸ್ಸು ದೂರದಲ್ಲಿ ಕಾಣುತ್ತಿತ್ತು. “ಅಜೀರ್ಣ ಆಗಿರಬೇಕು, ಶುಂಠಿ ಅರೆದು ಕೊಡು, ಸಂಜೆಯೊಳಗೆ ಸರಿಹೋಗುತ್ತೆ,” ಎಂದು ಹೇಳಿ ಹತ್ತಿಕೊಂಡೆ. ಅಂದು ಶಾಲೆಯಲ್ಲಿ ಐದು ಪೀರಿಯಡ್ಡು ಪಾಠ ಮಾಡಿದೆ. ಹಸುವಿನ ನೆನಪು ಒಮ್ಮೆ ಬಂತು, ಹೋಯಿತು.

ಸಂಜೆ ಐದೂವರೆಗೆ ಬಸ್ಸಿಳಿದಾಗ ಕೊಟ್ಟಿಗೆಯ ಮುಂದೆ ಪಶುವೈದ್ಯರ ಮೋಟಾರ್ ಸೈಕಲ್ಲು ನಿಂತಿತ್ತು. ಹಸು ನೆಲ ಹಿಡಿದಿತ್ತು. ಕತ್ತನ್ನು ಹಿಂದಕ್ಕೆ ತಿರುಗಿಸಿ ಪಕ್ಕೆಗೆ ಒರಗಿಸಿಕೊಂಡಿತ್ತು. ಕಣ್ಣು ಒಳಗೆ ಹೋಗಿದ್ದವು. ಹಿಂದುಗಡೆ ಬೂದು ಬಣ್ಣದ ನೀರಾದ ಸಗಣಿ. ಅದರ ವಾಸನೆ ನನಗೆ ಗುರುತಿನದು: ಹೊತ್ತು ಮೀರಿ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ.

ವೈದ್ಯರು ಎಡಪಕ್ಕೆಯನ್ನು ಒತ್ತಿದರು. ಒಳಗೆ ನೀರು ಕುಲುಕಿದ ಶಬ್ದ ನನಗೂ ಕೇಳಿಸಿತು.

“ಏನ್ ತಿನ್ಸಿದ್ರಿ?”

“ಸ್ವಲ್ಪ ಅನ್ನ ಅಷ್ಟೇ ಸಾರ್. ಅಜೀರ್ಣ ಅಂತ ಟೀಚರಮ್ಮ ಹೇಳಿದ್ರು. ಶುಂಠಿ ಕೊಟ್ಟೆ, ಎಣ್ಣೆ ಕೊಟ್ಟೆ,” ಎಂದಳು ಆಕೆ.

ನಾನು ಮುಂದೆ ಬಂದು, “ಮೂರು ಬಕೆಟ್ಟು,” ಎಂದೆ. “ಮೂರನೆಯದರಲ್ಲಿ ಕಾಲು ಭಾಗ ಉಳಿದಿತ್ತು. ಪಾಯಸವೂ ಇತ್ತು. ನಿನ್ನೆ ನಾಲ್ಕು ಗಂಟೆಗೆ.”

ವೈದ್ಯರು ನನ್ನ ಮುಖ ನೋಡಲಿಲ್ಲ, ವಾಚು ನೋಡಿದರು. “ಹುಲ್ಲು ತಿನ್ನೋ ಹೊಟ್ಟೆ ಅಮ್ಮ ಇದು. ಇಷ್ಟು ಅನ್ನ ಹೋದ್ರೆ ಒಳಗೇ ಹುಳಿ ಬರುತ್ತೆ, ಆ ಹುಳಿ ರಕ್ತಕ್ಕೆ ಸೇರುತ್ತೆ. ಮದುವೆ ಕಾಲದಲ್ಲಿ ನಮಗೆ ಇದೇ ಕೇಸು. ಬೆಳಿಗ್ಗೆನೇ ಕರೆದಿದ್ರೆ ನೋಡಬಹುದಿತ್ತು. ಈಗ ಸೋಡಾ ಇದೆಯಾ ಯಾರ ಮನೇಲಾದ್ರೂ? ಅಡುಗೆ ಸೋಡಾ?”

ನಾನು ಮನೆಗೆ ಓಡಿದೆ. ಸಿಂಕಿನ ಕೆಳಗಿದ್ದ ಡಬ್ಬಿ ಮುಕ್ಕಾಲು ತುಂಬಿತ್ತು. ಹಿಂದಿನ ದಿನ ಅನ್ನ ಹೊತ್ತುಕೊಂಡು ಹೋದದ್ದು ಅದೇ ದಾರಿಯಲ್ಲಿ. ಇಡೀ ದಿನ ಆ ಡಬ್ಬಿ ಎರಡು ರಸ್ತೆಗಳಾಚೆ ಸುಮ್ಮನೆ ಕೂತಿತ್ತು.

ಸೋಡಾ ಕದಡಿ, ಬಿದಿರಿನ ಗೊಟ್ಟದಲ್ಲಿ ಹಸುವಿನ ಬಾಯಿಗೆ ಹುಯ್ದರು. ಹಾಲಿನಾಕೆ ತಲೆ ಹಿಡಿದುಕೊಂಡಿದ್ದಳು, ನಾನು ಗೊಟ್ಟಕ್ಕೆ ತುಂಬಿ ತುಂಬಿ ಕೊಟ್ಟೆ. ಅರ್ಧ ಒಳಗೆ ಹೋಯಿತು, ಅರ್ಧ ಬಾಯಿಯ ಬದಿಯಿಂದ ಇಳಿದು ಆಕೆಯ ಸೀರೆಯ ಮೇಲೆ ಹರಿಯಿತು. ಕತ್ತಿನ ರಕ್ತನಾಳಕ್ಕೆ ಬಾಟಲಿ ಹಾಕಿದರು. ಆಕೆ ವೈದ್ಯರನ್ನು ಒಂದೇ ಮಾತು ಕೇಳಿದಳು.

“ಅನ್ನ ತಿಂದ್ರೆ ಸಾಯ್ತಾವಾ ಸಾರ್? ಅನ್ನ ಅಲ್ವಾ?”

ಅವರು ಬಾಟಲಿಯ ಹನಿ ನೋಡುತ್ತಾ ನಿಂತರು.

ಮಂಗಳವಾರ ನಾನು ರಜೆ ಹಾಕಿದೆ. ಮಾಡುವುದಕ್ಕೇನೂ ಇರಲಿಲ್ಲ. ನೆರಳು ಸರಿದ ಹಾಗೆಲ್ಲ ಗೋಣಿಚೀಲವೊಂದನ್ನು ಎತ್ತಿ ಎತ್ತಿ ಹಸುವಿನ ಮೇಲೆ ಬಿಸಿಲು ಬೀಳದಂತೆ ಹಿಡಿದೆವು, ಒಮ್ಮೆ ಆಕೆ, ಒಮ್ಮೆ ನಾನು. ಮಧ್ಯಾಹ್ನ ಒಂದು ಗಂಟೆಗೆ ಹಲ್ಲು ಕಡಿಯುವುದು ನಿಂತಿತು. ನೋವು ಕಡಿಮೆಯಾಯಿತೇನೋ ಎಂದು ನಾನು ಬಾಯಿಬಿಟ್ಟು ಹೇಳಿದೆ. ಆಕೆ ಹಸುವಿನ ಕಿವಿ ಮುಟ್ಟಿ ನೋಡಿ, “ತಣ್ಣಗಾಗಿದೆ,” ಎಂದಳು.

ಸುತ್ತಲಿನ ಖಾಲಿ ಸೈಟುಗಳಿಗೆಲ್ಲ ಯಜಮಾನರಿದ್ದರು. ಕೊಟ್ಟಿಗೆಯ ಹಿಂದೆ, ತಿಪ್ಪೆಯ ಪಕ್ಕದಲ್ಲೇ ಗುಂಡಿ ತೋಡಿಸಿ ಹಸುವನ್ನು ಹೂಳಿಸಿದೆವು.

ಬೇರೆ ಹಸು ಕೊಡಿಸುತ್ತೇವೆ ಎಂದು ನನ್ನ ಗಂಡ ಹೋಗಿ ಹೇಳಿಬಂದರು. “ನೋಡಾಣ ಬಿಡಿ ಸಾರ್,” ಅಂದಳಂತೆ. ಆಮೇಲೆ ನಾನೂ ಎರಡು ಸಲ ಹೇಳಿದೆ. ಬೇಡ ಎಂದು ಆಕೆ ಹೇಳಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಮೂರನೆಯ ಸಲ ಹೇಳಲು ನನಗೆ ಧೈರ್ಯ ಸಾಲಲಿಲ್ಲ.

ಕಲಗಚ್ಚನ್ನು ಒಯ್ಯುವವರಿಲ್ಲದೆ ಎರಡೇ ದಿನಕ್ಕೆ ಬಕೆಟ್ಟು ನಾರತೊಡಗಿತು. ಗೊಬ್ಬರದ ಗುಂಡಿಗೆ ಹಾಕಿದೆ. ಗುಂಡಿಗೆ ಹಾಕಬಾರದೆಂದು ಅತ್ತೆ ಈ ಸಲ ಹೇಳಲಿಲ್ಲ. ಊಟದಲ್ಲಿ ಒಂದು ಹಿಡಿ ಅನ್ನ ಕಡಿಮೆ ಬಡಿಸಿಕೊಳ್ಳತೊಡಗಿದರು. ಅಂಗಡಿಯಿಂದ ಪ್ಯಾಕೆಟ್ ಹಾಲು ತಂದೆವು. ಆ ಕವರುಗಳನ್ನು ತೊಳೆದು ತಂತಿಗೆ ಕ್ಲಿಪ್ಪು ಹಾಕಿ ಒಣಗಿಸಿದೆ. ಒಣಗಿದ ಕವರುಗಳನ್ನು ಏನು ಮಾಡಬೇಕೆಂದು ತಿಳಿಯದೆ ಡ್ರಾಯರಿನಲ್ಲಿ ಒಂದರ ಮೇಲೊಂದು ಇಟ್ಟೆ. ಶಾಲೆಯಲ್ಲಿ ಆ ಚಕ್ರದ ಚಿತ್ರ ಬರೆಯುವ ಪಾಠ ಬಂದಾಗ ಪುಸ್ತಕದಲ್ಲಿದ್ದುದನ್ನು ಓದಿಸಿ ಮುಂದಕ್ಕೆ ಹೋದೆ.

ಮೂರು ವಾರದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಗೇಟಿನ ಸದ್ದಾಯಿತು. ಹಾಲಿನಾಕೆ ನಿಂತಿದ್ದಳು. ಒಂದು ಕೈಯಲ್ಲಿ ಕರುವಿನ ಹಗ್ಗ, ಇನ್ನೊಂದರಲ್ಲಿ ನಮ್ಮ ಮೂರನೆಯ ಬಕೆಟ್ಟು. ಬೂದಿ ಹಾಕಿ ತಿಕ್ಕಿದ್ದಳು. ಅದು ಅಷ್ಟು ಹೊಳೆಯುತ್ತಿದ್ದುದನ್ನು ನಾನು ಕ್ವಾರ್ಟರ್ಸಿನಲ್ಲೂ ನೋಡಿರಲಿಲ್ಲ.

“ನಿಮ್ಮ ಬಕೀಟು ನಮ್ಮಲ್ಲೇ ಉಳಿದಿತ್ತು ಟೀಚರಮ್ಮ.”

“ಒಳಗೆ ಬಾ, ಕಾಫಿ ಕುಡಿ,” ಎಂದೆ.

“ಇಲ್ಲ, ಕರೂನ ತಂಗಿ ಊರಿಗೆ ಬಿಟ್ಟು ಬರ್ತೀನಿ. ಅಲ್ಲಿ ಮೇಯೋಕೆ ಜಾಗ ಇದೆ. ನಾಳೆಯಿಂದ ಕೃಷಿ ಕಾಲೇಜಿನ ತೋಟದ ಕೆಲಸಕ್ಕೆ ಹೋಗ್ತೀನಿ. ಅಜ್ಜಿಗೆ ಹೇಳಿ.”

ಬಕೆಟ್ಟನ್ನು ಗೇಟಿನ ಒಳಗೆ, ಎಂದಿನ ಜಾಗದಲ್ಲೇ ಇಟ್ಟಳು. ಅಷ್ಟರಲ್ಲಿ ಕರು ಹಗ್ಗ ಜಗ್ಗಿಕೊಂಡು ಬಂದು ಖಾಲಿ ಬಕೆಟ್ಟಿನೊಳಗೆ ಮೂತಿ ಇಟ್ಟು ತಳವನ್ನು ನೆಕ್ಕತೊಡಗಿತು. ತಗಡಿನ ಮೇಲೆ ನಾಲಿಗೆ ಉಜ್ಜುವ ಸದ್ದಾಗುತ್ತಿತ್ತು. ಆಕೆ ಹಗ್ಗವನ್ನು ಮೆಲ್ಲಗೆ ಎಳೆದಳು.

“ಬಾರೇ,” ಎಂದಳು. “ಅಲ್ಲಿ ಏನೂ ಇಲ್ಲ.”